ಹಳೇ ಗಾಡಿಯ ಬ್ರೀದರ್ ಪೈಪ್, ಮುರಿದ ವಾಲ್ವ್, ಕಾಣೆಯಾದ ಒಂದು ಚೂರು

ಈ ಸದ್ದು ಕೇಳಿಸುತ್ತಿದೆ ಅಲ್ವಾ? ಸಣ್ಣ ಶಿಳ್ಳೆ. ಹೆಡ್‌ಫೋನ್ ಹಾಕಿಕೊಂಡಿದ್ದರೆ ಇನ್ನೂ ಚೆನ್ನಾಗಿ ಕೇಳಿಸುತ್ತದೆ. ಆಕ್ಸಿಲರೇಟರ್ ಸ್ವಲ್ಪ ಒತ್ತಿದರೆ ನಿಂತುಹೋಗುತ್ತದೆ, ಬಿಟ್ಟ ತಕ್ಷಣ ಮತ್ತೆ ಶುರು. ಇಂಜಿನ್ ಒಂದೇ ಸಮನೆ ನಿಲ್ಲುತ್ತಿಲ್ಲ ನೋಡಿ, ಏರುತ್ತದೆ, ಇಳಿಯುತ್ತದೆ, ಮಧ್ಯೆ ಒಮ್ಮೆ ನಡುಗುತ್ತದೆ. ಈ ಲಕ್ಷಣ ಹೇಳಿದರೆ ಹತ್ತರಲ್ಲಿ ಒಂಬತ್ತು ಜನ ಪ್ಲಗ್ ಬದಲಿಸಿ, ಕಾಯಿಲ್ ಬದಲಿಸಿ, ಇಂಜೆಕ್ಟರ್ ಕ್ಲೀನ್ ಮಾಡಿಸಿ ಅನ್ನುತ್ತಾರೆ. ಯಾರೂ ಇಂಜಿನ್ ಒಳಗಿನ ಆವಿ ಸಾಗಿಸುವ ಬ್ರೀದರ್ ಪೈಪ್ ಹೆಸರು ಎತ್ತುವುದಿಲ್ಲ. ನನಗೆ ಸಿಟ್ಟು ಬರುವುದೇ ಅಲ್ಲಿ. ಹಳೇ ಗಾಡಿಯಲ್ಲಿ ಮೊದಲು ನೋಡಬೇಕಾದ್ದೇ ಅದು.

ಈಗ ಪರದೆ ಮೇಲೆ ಗಾಡಿಯ ಕಂಪ್ಯೂಟರ್ ಓದುವ ಸ್ಕ್ಯಾನರ್ ಕಾಣಿಸುತ್ತಿದೆ. ಕೋಡ್ ಪಿ0171. ಅಂದರೆ ಪೆಟ್ರೋಲ್‌ಗೆ ಹೋಲಿಸಿದರೆ ಗಾಳಿ ಜಾಸ್ತಿ ಹೋಗುತ್ತಿದೆ. ಕೋಡ್‌ಗಿಂತ ಅದರ ಕೆಳಗಿನ ಅಂಕಿ ನೋಡಿ, ಫ್ಯೂಯಲ್ ಟ್ರಿಮ್, ಅಂದರೆ ಕಂಪ್ಯೂಟರ್ ತನ್ನ ಲೆಕ್ಕಕ್ಕಿಂತ ಶೇಕಡಾ ಎಷ್ಟು ಪೆಟ್ರೋಲ್ ಜಾಸ್ತಿ ಅಥವಾ ಕಡಿಮೆ ಬಿಡುತ್ತಿದೆ ಅಂತ. ಐಡ್ಲಿಂಗ್‌ನಲ್ಲಿ, ಅಂದರೆ ಆಕ್ಸಿಲರೇಟರ್ ಒತ್ತದೆ ಇಂಜಿನ್ ಸುಮ್ನೆ ಓಡುವಾಗ, ಪ್ಲಸ್ 18 ತೋರಿಸುತ್ತಿದೆ. ಈಗ 2500 ಆರ್‌ಪಿಎಂಗೆ ಏರಿಸುತ್ತಿದ್ದೇನೆ... ನೋಡಿ, ಪ್ಲಸ್ 5ಕ್ಕೆ ಇಳಿಯಿತು. ಇದು ತುಂಬಾ ಮುಖ್ಯ. ಐಡ್ಲಿಂಗ್‌ನಲ್ಲಿ ಗಾಳಿಯ ಬಾಗಿಲಾದ ಥ್ರಾಟಲ್ ಹೆಚ್ಚುಕಡಿಮೆ ಮುಚ್ಚಿರುತ್ತದೆ, ಅಲ್ಲಿಂದ ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಮ್ಯಾನಿಫೋಲ್ಡ್ ಒಳಗಿನ ಎಳೆತ ಜೋರಾಗಿರುತ್ತದೆ, ಒಟ್ಟು ಗಾಳಿ ಮಾತ್ರ ಕಡಿಮೆ. ಆಗ ಒಂದು ಸಣ್ಣ ಬಿರುಕಿನಿಂದ ಬರುವ ಕಳ್ಳ ಗಾಳಿ ಕೂಡ ದೊಡ್ಡ ಪಾಲು. ವೇಗ ಏರಿದರೆ ಒಟ್ಟು ಗಾಳಿ ಹೆಚ್ಚುತ್ತದೆ, ಕಳ್ಳ ಗಾಳಿಯ ಪಾಲು ಕಡಿಮೆಯಾಗುತ್ತದೆ. ಐಡ್ಲಿಂಗ್‌ನಲ್ಲಿ ಕೆಟ್ಟದಾಗಿದ್ದು ವೇಗದಲ್ಲಿ ಸರಿಹೋದರೆ ಎಲ್ಲೋ ಗಾಳಿ ಸೋರುತ್ತಿದೆ ಅಂತ. ತದ್ವಿರುದ್ಧವಾಗಿ, ವೇಗದಲ್ಲಿ ಕೆಟ್ಟರೆ ಫ್ಯೂಯಲ್ ಪಂಪ್, ಫಿಲ್ಟರ್ ಕಡೆ ನೋಡಿ. ಈ ಒಂದು ಪರೀಕ್ಷೆ ಮಾಡದೆ ಬಿಡಿಭಾಗ ಕೊಳ್ಳಬೇಡಿ, ದಯವಿಟ್ಟು.

ಒಂದು ಮಾತು, ಇದು ಎಂಎಎಫ್ ಸೆನ್ಸರ್ ಇರುವ ಗಾಡಿಗೆ. ಅಂದರೆ ಒಳಗೆ ಹೋಗುವ ಗಾಳಿಯನ್ನು ಫಿಲ್ಟರ್ ಪಕ್ಕದಲ್ಲೇ ಅಳೆಯುವ ಗಾಡಿ. ಅಳೆದ ಮೇಲೆ ನುಸುಳಿದ ಗಾಳಿ ಲೆಕ್ಕಕ್ಕೆ ಸಿಗುವುದಿಲ್ಲ, ಅದಕ್ಕೇ ಈ ಕೋಡ್. ಮ್ಯಾನಿಫೋಲ್ಡ್ ಒತ್ತಡ ನೋಡಿ ಲೆಕ್ಕ ಹಾಕುವ ಗಾಡಿಯಾದರೆ ಕೋಡ್ ಬರದೆ ಸುಮ್ನೆ ಐಡ್ಲಿಂಗ್ ಏರಿ ಕೂತುಬಿಡಬಹುದು.

ಇಂಜಿನ್ ಮೇಲಿನ ಪ್ಲಾಸ್ಟಿಕ್ ಕವರ್ ತೆಗೆಯುತ್ತಿದ್ದೇನೆ, ಅದರಲ್ಲಿ ಹೇಳುವುದು ಏನೂ ಇಲ್ಲ. ಅಷ್ಟರಲ್ಲಿ ಈ ಪೈಪ್‌ಗಳ ಕೆಲಸ ಏನು ಅಂತ ಹೇಳಿಬಿಡುತ್ತೇನೆ.

ಪಿಸ್ಟನ್ ರಿಂಗ್ ಎಷ್ಟೇ ಹೊಸದಾಗಿರಲಿ, ಉರಿದ ಗಾಳಿ ಸ್ವಲ್ಪ ಅದರ ಪಕ್ಕದಿಂದ ಕೆಳಗೆ ಕ್ರ್ಯಾಂಕ್ ಕೇಸ್‌ಗೆ, ಅಂದರೆ ಆಯಿಲ್ ಇರುವ ಇಂಜಿನ್‌ನ ಕೆಳಭಾಗಕ್ಕೆ, ಇಳಿಯುತ್ತದೆ. ಇದಕ್ಕೆ ಬ್ಲೋ-ಬೈ ಅನ್ನುತ್ತಾರೆ. ಅದರಲ್ಲಿ ನೀರಾವಿ ಇರುತ್ತದೆ, ಉರಿಯದ ಪೆಟ್ರೋಲ್ ಆವಿ ಇರುತ್ತದೆ, ಆಮ್ಲ ಇರುತ್ತದೆ. ಅದು ಅಲ್ಲೇ ಉಳಿದರೆ ಆಯಿಲ್ ಕೆಟ್ಟು ಕಪ್ಪು ರಾಡಿಯಾಗುತ್ತದೆ, ಒತ್ತಡ ಹೆಚ್ಚಿ ಆಯಿಲ್ ಸೀಲ್‌ಗಳು ಒಸರುತ್ತವೆ. ತುಂಬಾ ಹಿಂದೆ ಇದನ್ನು ಒಂದು ಕೊಳವೆ ಇಳಿಬಿಟ್ಟು ನೇರ ರಸ್ತೆಗೆ ಬಿಡುತ್ತಿದ್ದರು. ಗಾಡಿ ಓಡುವಾಗ ಬೀಸುವ ಗಾಳಿಯೇ ಹೊಗೆಯನ್ನು ಎಳೆದುಕೊಳ್ಳುತ್ತಿತ್ತು. ಎರಡನೇ ಮಹಾಯುದ್ಧದಲ್ಲಿ ಆಳ ನೀರಿಗೆ ಇಳಿಯುವ ಟ್ಯಾಂಕ್‌ಗಳಿಗೆ ಆ ಕೊಳವೆ ನಡೆಯಲಿಲ್ಲ, ನೀರು ಒಳಗೆ ಬರುತ್ತಿತ್ತು. ಆಗ ಆ ಆವಿಯನ್ನು ಇಂಜಿನ್ನೇ ಎಳೆದುಕೊಂಡು ಉರಿಸುವ ಏರ್ಪಾಡು ಬಳಕೆಗೆ ಬಂತು. ಆಮೇಲೆ 1961ರಲ್ಲಿ ಕ್ಯಾಲಿಫೋರ್ನಿಯಾ ಹೊಗೆ ಮಾಲಿನ್ಯಕ್ಕಾಗಿ ಇದನ್ನು ಕಡ್ಡಾಯ ಮಾಡಿತು. ವಾಹನದ ಹೊಗೆ ತಡೆಯಲು ಅಮೆರಿಕದಲ್ಲಿ ಕಡ್ಡಾಯವಾದ ಮೊಟ್ಟಮೊದಲ ಭಾಗ ಇದು, ಗೊತ್ತಾ? ಸೈಲೆನ್ಸರ್ ದಾರಿಯಲ್ಲಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಬಂದದ್ದು ಎಷ್ಟೋ ವರ್ಷ ಆಮೇಲೆ. ಒಂದು ಸ್ಪ್ರಿಂಗ್, ಒಂದು ಸಣ್ಣ ಕಡ್ಡಿ, ಎರಡು ಪೈಪ್. ಇಷ್ಟರಲ್ಲಿ ಇಷ್ಟು ದೊಡ್ಡ ಕೆಲಸ ಮುಗಿಸಿದವರ ಬಗ್ಗೆ ನನಗೆ ನಿಜವಾಗಿಯೂ ಗೌರವ ಇದೆ. ಸರಿ ಸರಿ, ಕವರ್ ಬಂತು.

ಎರಡು ಪೈಪ್ ಕಾಣಿಸುತ್ತಿದೆ ನೋಡಿ. ಎಡಗಡೆಯದು ಏರ್ ಫಿಲ್ಟರ್ ಡಕ್ಟ್‌ನಿಂದ ಟ್ಯಾಪೆಟ್ ಕವರ್‌ಗೆ, ಅಂದರೆ ಇಂಜಿನ್‌ನ ಮೇಲಿನ ಮುಚ್ಚಳಕ್ಕೆ, ತಾಜಾ ಗಾಳಿ ಒಳಗೆ ಬರುವುದು ಇಲ್ಲಿಂದ. ಬಲಗಡೆಯದು ಟ್ಯಾಪೆಟ್ ಕವರ್ ಮೇಲಿನ ಪಿಸಿವಿ ವಾಲ್ವ್‌ನಿಂದ, ಅಂದರೆ ಆಗಲೇ ಹೇಳಿದ ಆ ಸ್ಪ್ರಿಂಗ್-ಕಡ್ಡಿಯ ವಾಲ್ವ್‌ನಿಂದ, ಇನ್‌ಟೇಕ್ ಮ್ಯಾನಿಫೋಲ್ಡ್‌ಗೆ. ಇಂಜಿನ್ ಒಳಗಿನ ಆವಿ ಹೊರಗೆ ಹೋಗುವ ದಾರಿ ಇದು. ಶಿಳ್ಳೆ ಬರುತ್ತಿರುವುದು ಇಲ್ಲಿಂದಲೇ. ಕ್ಯಾಮೆರಾ ಹಿಡಿದಿರುವ ನನ್ನ ತಮ್ಮನಿಗೆ ಹತ್ತಿರ ಬಾ ಅಂದೆ. ನೋಡಿ, ಬಾಗಿದ ಜಾಗದ ಕೆಳಗಡೆ ಉದ್ದಕ್ಕೆ ಬಿರುಕು, ಸುತ್ತಲೂ ಆಯಿಲ್ ಮೆತ್ತಿದ ಧೂಳು. ಇಂಥ ಕಪ್ಪು ಮೆತ್ತನೆಯ ಕೊಳೆ ಪೈಪ್ ಮೇಲೆ ಕಂಡರೆ ಆ ಪೈಪ್ ಮುಗಿಯಿತು ಅಂತ ಲೆಕ್ಕ.

ಪೈಪ್ ಗಟ್ಟಿಯಾಗಿದೆಯಾ ಅಂತ ಹಿಚುಕಿ ನೋಡಿ ಅನ್ನುತ್ತಾರೆ. ನಾನು ಬೇಡ ಅನ್ನುತ್ತೇನೆ, ಹೊಸದು ಕೈಯಲ್ಲಿ ಇಲ್ಲದೆ ಮುಟ್ಟಲೇಬೇಡಿ. ಯಾಕೆ ಅಂದರೆ... ಅಗೋ, ಹೋಯಿತು. ಎರಡೇ ಬೆರಳಲ್ಲಿ ಒತ್ತಿದ್ದು, ಒಣ ಎಲೆಯ ಹಾಗೆ ಪುಡಿಯಾಯಿತು. ವರ್ಷಗಟ್ಟಲೆ ಬಿಸಿ, ಆಯಿಲ್ ಆವಿ, ಆಮ್ಲಜನಕ. ರಬ್ಬರ್ ಅನ್ನು ಮೆತ್ತಗೆ ಇಡುವ ಅಂಶ ಆವಿಯಾಗಿ, ಸೋರಿ ಹೋಗಿರುತ್ತದೆ. ಉಳಿದದ್ದು ಗಟ್ಟಿಯಾಗುತ್ತಾ ಹೋಗುತ್ತದೆ. ಗಾಡಿ ಜಾಸ್ತಿ ಓಡಿಲ್ಲ, ಹಾಗಾಗಿ ಪೈಪ್ ಚೆನ್ನಾಗಿರುತ್ತದೆ ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಕಿಲೋಮೀಟರ್ ಓಡದಿದ್ದರೂ ವಯಸ್ಸು ನಿಲ್ಲುವುದಿಲ್ಲ. ಇನ್ನು ಚಿಕ್ಕ ಚಿಕ್ಕ ಓಡಾಟವೇ ಜಾಸ್ತಿ ಇರುವ ಗಾಡಿಯಲ್ಲಿ ಇಂಜಿನ್ ಪೂರ್ತಿ ಬಿಸಿಯಾಗುವುದೇ ಇಲ್ಲ, ನೀರಾವಿ ಒಳಗೇ ನಿಂತು ಆಯಿಲ್ ಕ್ಯಾಪ್ ಅಡಿಯಲ್ಲಿ ಬಿಳಿ ನೊರೆ ಕಟ್ಟುತ್ತದೆ.

ಈಗ ಬರುತ್ತದೆ ಇವತ್ತಿನ ಅಸಲಿ ಕಥೆ. ವಾಲ್ವ್ ತೆಗೆಯುವುದು. ಇದು ಥ್ರೆಡ್ ಇರುವುದಲ್ಲ, ಟ್ಯಾಪೆಟ್ ಕವರ್ ತೂತಿನಲ್ಲಿ ಗ್ರಾಮೆಟ್ ಅನ್ನುವ ಒಂದು ರಬ್ಬರ್ ಬಳೆ, ಅದರೊಳಗೆ ಸುಮ್ನೆ ಒತ್ತಿ ಕೂರಿಸಿರುವ ಪ್ಲಾಸ್ಟಿಕ್ ವಾಲ್ವ್. ಮೆಲ್ಲಗೆ ತಿರುಗಿಸಿ ಮೇಲಕ್ಕೆ ಎತ್ತಿದರೆ ಬರಬೇಕು. ತಿರುಗಿಸುತ್ತಿದ್ದೇನೆ, ಸ್ವಲ್ಪ ಅಲ್ಲಾಡಿತು, ಎತ್ತುತ್ತಿದ್ದೇನೆ... ಟಕ್. ಮೇಲಿನ ಅರ್ಧ ನನ್ನ ಕೈಯಲ್ಲಿ, ಕೆಳಗಿನ ಅರ್ಧ ಗ್ರಾಮೆಟ್ ಒಳಗೆ.

ಇಲ್ಲಿ ನಾನು ವಿಡಿಯೋ ವೇಗ ಹೆಚ್ಚಿಸುವುದಿಲ್ಲ, ಪೂರ್ತಿ ತೋರಿಸುತ್ತೇನೆ. ಹಳೇ ಗಾಡಿ ಇಟ್ಟುಕೊಂಡಿರುವ ಯಾರಿಗಾದರೂ ಇದು ಆಗುತ್ತದೆ. ಕ್ಯಾಮೆರಾ ನೇರ ಮೇಲಿಂದ ಹಿಡಿದಿದ್ದೇವೆ, ಟಾರ್ಚ್ ಬೆಳಕು ಹಾಕಿದ್ದೇವೆ. ಮುರಿದ ಅಂಚು ಬೆಳ್ಳಗೆ, ಒರಟಾಗಿ ಕಾಣಿಸುತ್ತಿದೆ. ಅದರ ನಡುವೆ ಸಣ್ಣ ಸ್ಪ್ರಿಂಗ್, ಕೂದಲಿಗಿಂತ ಸ್ವಲ್ಪ ದಪ್ಪ ತಂತಿ, ಅದರೊಳಗೆ ಕಡ್ಡಿ. ಇಷ್ಟೂ ಈಗ ಹಿಡಿತ ಇಲ್ಲದೆ ಕೂತಿದೆ. ಅದರ ಕೆಳಗೆ ಏನಿದೆ? ಒಂದು ತಗಡಿನ ತಡೆ, ಅದರ ಪಕ್ಕದಲ್ಲಿ ಸಂದು, ಸಂದಿನ ಕೆಳಗೆ ಕ್ಯಾಮ್ ಶಾಫ್ಟ್. ಒಂದು ಚೂರು ಕೆಳಗೆ ಹೋದರೆ ಟ್ಯಾಪೆಟ್ ಕವರ್ ಬಿಚ್ಚಬೇಕು, ಹೊಸ ಗ್ಯಾಸ್ಕೆಟ್ ಹಾಕಬೇಕು, ಅಷ್ಟಾದರೂ ಚೂರು ಸಿಗುತ್ತದೆ ಅಂತ ಖಾತ್ರಿ ಇಲ್ಲ. ಆಯಿಲ್ ಇಳಿಯುವ ದಾರಿಯಲ್ಲಿ ಕೆಳಗೆ ಆಯಿಲ್ ನಿಲ್ಲುವ ಸಂಪ್‌ಗೆ ಹೋಗಿ ಆಯಿಲ್ ಪಂಪ್‌ನ ಜಾಲರಿಗೆ ಅಡ್ಡ ಕೂರಬಹುದು. ಇಂಜಿನ್ ಸ್ಟಾರ್ಟ್ ಮಾಡಿ ನೋಡೋಣ ಅನ್ನುವ ಮಾತೇ ಇಲ್ಲ.

ಎಲ್ಲರೂ ಕೊಡುವ ಸಲಹೆ, ಒಂದು ಮರದ ಸ್ಕ್ರೂ ಒಳಗೆ ತಿರುಗಿಸಿ ಪ್ಲೈಯರ್‌ನಲ್ಲಿ ಎಳೆಯಿರಿ. ಮೆತ್ತಗಿನ ಪ್ಲಾಸ್ಟಿಕ್‌ಗೆ ಸರಿ. ಇಷ್ಟು ಒಣಗಿದ ಪ್ಲಾಸ್ಟಿಕ್‌ಗೆ ಸ್ಕ್ರೂ ಹಾಕಿದರೆ ಅದು ಒಳಗಿನಿಂದ ಅಗಲವಾಗಿ ಸೀಳಿ ನಾಲ್ಕು ಚೂರಾಗುತ್ತದೆ. ನಾನು ಮಾಡಿದ್ದು ಹೀಗೆ. ಮೊದಲು ಸ್ಪ್ರಿಂಗ್ ಮತ್ತು ಕಡ್ಡಿ. ಉದ್ದ ಮೂತಿಯ ಚಿಮಟದ ತುದಿಗೆ ದಪ್ಪ ಗ್ರೀಸ್ ಹಚ್ಚಿ, ಹಿಡಿದು, ಒಂದೇ ಸಲಕ್ಕೆ ಮೇಲೆ. ಗ್ರೀಸ್ ಇದ್ದರೆ ಜಾರಿದರೂ ಅಂಟಿಕೊಂಡಿರುತ್ತದೆ. ಆಮೇಲೆ ಗ್ರಾಮೆಟ್ ಮತ್ತು ಮುರಿದ ಭಾಗ ಎರಡನ್ನೂ ಒಟ್ಟಿಗೆ ಹೊರಗೆ ತರಬೇಕು, ಬಿಡಿಸಲು ಹೋಗಬಾರದು. ಗ್ರಾಮೆಟ್ ಕಲ್ಲಾಗಿದೆ, ಉಗುರು ಇಳಿಯುವುದಿಲ್ಲ. ಅದಕ್ಕೆ ಬಿಸಿ ಗಾಳಿ ಬೇಕು. ಇದಕ್ಕೂ ಮೊದಲು ಯಾವ ಸ್ಪ್ರೇಯನ್ನೂ ಹೊಡೆದಿಲ್ಲ, ಇಂಜಿನ್ ಪೂರ್ತಿ ತಣ್ಣಗಿದೆ, ಪೆಟ್ರೋಲ್ ವಾಸನೆ ಇಲ್ಲ. ಇಷ್ಟು ಖಾತ್ರಿ ಮಾಡಿಕೊಳ್ಳದೆ ಬಾನೆಟ್ ಅಡಿಯಲ್ಲಿ ಹೀಟ್ ಗನ್ ಹಚ್ಚಬೇಡಿ. ಕೂದಲು ಒಣಗಿಸುವ ಡ್ರೈಯರ್ ಕೂಡ ಸಾಕು, ನಿಧಾನ ಅಷ್ಟೇ.

ಬಿಸಿಯಾದ ಮೇಲೆ ಗ್ರಾಮೆಟ್ ಸ್ವಲ್ಪ ಬಗ್ಗುತ್ತಿದೆ ನೋಡಿ. ಕೊಕ್ಕೆ ತುದಿಯ ಪಿಕ್ ಅನ್ನು ಹೊರ ಅಂಚಿನ ಅಡಿಗೆ ತೂರಿಸಿ ಸುತ್ತಲೂ ಸ್ವಲ್ಪ ಸ್ವಲ್ಪ ಎತ್ತುತ್ತಿದ್ದೇನೆ. ತಮ್ಮ ವ್ಯಾಕ್ಯೂಮ್ ಕ್ಲೀನರ್‌ನ ಪೈಪ್ ತುದಿಯನ್ನು ಪಕ್ಕದಲ್ಲೇ ಹಿಡಿದಿದ್ದಾನೆ, ಮೆಷಿನ್ ದೂರ ಇದೆ. ಉದುರುವ ಪುಡಿ ಎಲ್ಲ ಅದಕ್ಕೇ ಹೋಗಲಿ ಅಂತ. ಒಳ ಅಂಚೇ ಅಪಾಯ. ಗ್ರಾಮೆಟ್‌ಗೆ ಕವರ್‌ನ ಒಳಗಡೆಯೂ ಒಂದು ತುಟಿ ಇರುತ್ತದೆ, ಅದು ಬಾಗದೆ ಮುರಿದರೆ ನೇರ ಕೆಳಗೆ. ಬಂತು, ಬಂತು... ಬಂದೇ ಬಿಟ್ಟಿತು, ವಾಲ್ವ್‌ನ ಅರ್ಧ ಸಮೇತ.

ಆದರೆ ಈಗಲೇ ಖುಷಿ ಪಡುವ ಹಾಗಿಲ್ಲ. ಬಿಳಿ ಬಟ್ಟೆ ಹಾಸಿ, ಹೊರಬಂದ ಚೂರುಗಳನ್ನೆಲ್ಲ ಒಂದಕ್ಕೊಂದು ಜೋಡಿಸುತ್ತಿದ್ದೇನೆ. ವಾಲ್ವ್ ಪೂರ್ತಿ ಆಯಿತು. ಗ್ರಾಮೆಟ್‌ನ ಹೊರ ಅಂಚು ಪೂರ್ತಿ. ಒಳ ಅಂಚು... ಇಲ್ಲಿ ನೋಡಿ, ಉಗುರಿನಷ್ಟು ಒಂದು ಬಾಗಿದ ಚೂರು ಇಲ್ಲ. ವ್ಯಾಕ್ಯೂಮ್ ಚೀಲ ಬಿಚ್ಚಿ ನೋಡಿದೆವು, ಅಲ್ಲೂ ಇಲ್ಲ. ಇದನ್ನು ಜೋಡಿಸಿ ನೋಡದೆ ಇದ್ದಿದ್ದರೆ ಗೊತ್ತೇ ಆಗುತ್ತಿರಲಿಲ್ಲ. ಅದಕ್ಕೇ ಹೇಳುತ್ತಿದ್ದೇನೆ, ಹಳೇ ಭಾಗ ಮುರಿದರೆ ಅದನ್ನು ಎಸೆಯುವ ಮೊದಲು ಪೂರ್ತಿ ಜೋಡಿಸಿ ನೋಡಿ. ಸಣ್ಣ ಕ್ಯಾಮೆರಾ ವೈರ್ ಒಳಗೆ ಬಿಟ್ಟೆವು. ತಗಡಿನ ತಡೆಯ ಮೇಲೆ, ಆಯಿಲ್ ರಾಡಿಗೆ ಅಂಟಿಕೊಂಡು ಕೂತಿತ್ತು ಪುಣ್ಯಾತ್ಮ. ಸಂದಿಗೆ ಇನ್ನೇನು ಬೀಳುವಷ್ಟು ಹತ್ತಿರ. ವ್ಯಾಕ್ಯೂಮ್ ತುದಿಗೆ ಒಂದು ಸಣ್ಣ ಪ್ಲಾಸ್ಟಿಕ್ ಟ್ಯೂಬ್ ಟೇಪ್ ಸುತ್ತಿ ಕಟ್ಟಿ, ಅದನ್ನು ಚೂರಿನ ಮೇಲೆ ಇಟ್ಟು, ಆಮೇಲೆ ಮೆಷಿನ್ ಆನ್ ಮಾಡಿದ್ದು. ಈ ಕ್ರಮ ಮುಖ್ಯ. ಆನ್ ಮಾಡಿಕೊಂಡು ಒಳಗೆ ಇಳಿಸಿದರೆ ಟ್ಯೂಬ್ ಅಲ್ಲಾಡಿ ಚೂರನ್ನು ತಳ್ಳಬಹುದು. ಟ್ಯೂಬ್ ತುದಿಗೆ ಅಂಟಿಕೊಂಡು ಮೇಲೆ ಬಂತು ನೋಡಿ. ತಮ್ಮ ಕೂಗಿದ್ದು ರೆಕಾರ್ಡ್ ಆಗಿದೆ, ತೆಗೆದಿಲ್ಲ, ಹಾಗೇ ಬಿಟ್ಟಿದ್ದೇನೆ.

ಈ ವಾಲ್ವ್ ಪ್ಲಾಸ್ಟಿಕ್‌ನಲ್ಲಿ ಮಾಡಿದ್ದು ತಪ್ಪು ಅನ್ನಿಸಿತು ಆ ಹೊತ್ತಿಗೆ. ಲೋಹದ್ದಾಗಿದ್ದರೆ ಮುರಿಯುತ್ತಿರಲಿಲ್ಲ ಅಲ್ವಾ. ಆಮೇಲೆ ಯೋಚಿಸಿದಾಗ ಹಾಗೂ ಇಲ್ಲ ಅನ್ನಿಸಿತು. ಇಷ್ಟು ವರ್ಷ ಈ ಬಿಸಿಯಲ್ಲಿ ಕೆಲಸ ಮಾಡಿದೆ. ಗ್ರಾಮೆಟ್ ಕಲ್ಲಾದರೆ ಲೋಹದ ವಾಲ್ವ್ ಕೂಡ ಸುಲಭಕ್ಕೆ ಬರುವುದಿಲ್ಲ. ಪ್ಲಾಸ್ಟಿಕ್ ಮೇಲೆ ನನಗೆ ಈಗ ಸಿಟ್ಟಿಲ್ಲ. ಇದನ್ನು ಕಾಲಕಾಲಕ್ಕೆ ಬದಲಿಸುವ ಭಾಗ ಅಂತ ಯಾರೂ ಹೇಳದೆ ಇರುವುದರ ಮೇಲೆ ಸಿಟ್ಟಿದೆ.

ಈಗ ಹೊಸ ವಾಲ್ವ್. ಅಲ್ಲಾಡಿಸುತ್ತಿದ್ದೇನೆ, ಟಿಕ್ ಟಿಕ್ ಅನ್ನುತ್ತಿದೆ. ಸದ್ದು ಬಂದರೆ ವಾಲ್ವ್ ಚೆನ್ನಾಗಿದೆ ಅನ್ನುತ್ತಾರೆ, ಅದು ಅರ್ಧ ಸತ್ಯ. ಸದ್ದು ಬರದಿದ್ದರೆ ಕೆಟ್ಟಿದೆ ಅನ್ನಬಹುದು. ಬಂದರೆ ಕಡ್ಡಿ ಅಂಟಿಕೊಂಡಿಲ್ಲ ಅಂತ ಮಾತ್ರ ಗೊತ್ತಾಗುತ್ತದೆ, ಸ್ಪ್ರಿಂಗ್ ಸೋತಿದೆಯಾ ಅಂತ ಅಲ್ಲ. ಒಳಗೆ ನಡೆಯುವುದು ಇಷ್ಟು. ಐಡ್ಲಿಂಗ್‌ನಲ್ಲಿ ಎಳೆತ ಜೋರಿದ್ದಾಗ ಕಡ್ಡಿ ಮುಂದಕ್ಕೆ ಹೋಗಿ ದಾರಿ ಕಿರಿದಾಗಿಸುತ್ತದೆ. ಸಾಮಾನ್ಯ ಓಟದಲ್ಲಿ ಸ್ಪ್ರಿಂಗ್ ಅದನ್ನು ಹಿಂದಕ್ಕೆ ತಳ್ಳಿ ದಾರಿ ಅಗಲ ಮಾಡುತ್ತದೆ. ಮ್ಯಾನಿಫೋಲ್ಡ್ ಕಡೆಯಿಂದ ಬ್ಯಾಕ್‌ಫೈರ್ ಆದರೆ, ಅಂದರೆ ಉರಿ ಹಿಂದಕ್ಕೆ ನುಗ್ಗಿದರೆ, ಪೂರ್ತಿ ಮುಚ್ಚಿ ಬೆಂಕಿ ಕ್ರ್ಯಾಂಕ್ ಕೇಸ್ ಸೇರದ ಹಾಗೆ ತಡೆಯುತ್ತದೆ. ಸ್ಪ್ರಿಂಗ್ ಎಷ್ಟು ಗಟ್ಟಿ ಇರಬೇಕು, ತೂತು ಎಷ್ಟಿರಬೇಕು ಅನ್ನುವುದು ಇಂಜಿನ್‌ನಿಂದ ಇಂಜಿನ್‌ಗೆ ಬೇರೆ. ನೋಡಲು ಒಂದೇ ಥರ ಇದೆ, ತೂತಿಗೆ ಕೂರುತ್ತದೆ ಅಂತ ಯಾವುದೋ ವಾಲ್ವ್ ಹಾಕಬೇಡಿ. ಪಾರ್ಟ್ ನಂಬರ್ ನೋಡಿಯೇ ತರಿಸಿ.

ಹೊಸ ಗ್ರಾಮೆಟ್‌ಗೆ ಒಳಗೂ ಹೊರಗೂ ಸ್ವಲ್ಪ ಇಂಜಿನ್ ಆಯಿಲ್ ಸವರಿ ಬೆರಳಲ್ಲೇ ಒತ್ತಿದ್ದು. ಉಳಿದದ್ದು ವಿಡಿಯೋದಲ್ಲಿ ಇದೆ.

ಪೈಪ್ ವಿಷಯಕ್ಕೆ ಬರೋಣ, ಇಲ್ಲಿ ನಾನು ಸ್ವಲ್ಪ ಜೋರಾಗಿಯೇ ಮಾತಾಡುತ್ತೇನೆ. ಎಷ್ಟೋ ಗಾಡಿಗಳಲ್ಲಿ ಬ್ರೀದರ್ ಜಾಗದಲ್ಲಿ ರೇಡಿಯೇಟರ್ ಕಡೆಯ ನೀರಿನ ಪೈಪ್ ಕತ್ತರಿಸಿ ಹಾಕಿರುವುದನ್ನು ನೋಡಿದ್ದೇನೆ. ಅಳತೆ ಸರಿಹೋಗುತ್ತದೆ, ಗಟ್ಟಿಮುಟ್ಟಾಗಿ ಕಾಣುತ್ತದೆ, ಮೊದಲ ದಿನ ಏನೂ ತೊಂದರೆ ಇರುವುದಿಲ್ಲ. ಆದರೆ ನೀರಿನ ಪೈಪ್ ಸಾಮಾನ್ಯವಾಗಿ ಇಪಿಡಿಎಂ ರಬ್ಬರ್. ಬಿಸಿ ನೀರಿಗೆ, ಉಗಿಗೆ ಅದು ಬಹಳ ಒಳ್ಳೇದು, ಆಯಿಲ್‌ಗೆ ಮಾತ್ರ ಆಗುವುದಿಲ್ಲ. ಆಯಿಲ್ ಆವಿ ಕುಡಿದು ಉಬ್ಬಿ ಮೆತ್ತಗಾಗುತ್ತದೆ, ಆಮೇಲೆ ಎಳೆತಕ್ಕೆ ಒಳಗೇ ಚಪ್ಪಟೆಯಾಗಿ ದಾರಿ ಮುಚ್ಚಿಬಿಡುತ್ತದೆ. ದಾರಿ ಮುಚ್ಚಿದರೆ ಇಂಜಿನ್ ಒಳಗೆ ಒತ್ತಡ, ಒತ್ತಡಕ್ಕೆ ಹಿಂದಿನ ಕ್ರ್ಯಾಂಕ್ ಸೀಲ್‌ನಿಂದ ಆಯಿಲ್ ಸೋರಿಕೆ. ಅಷ್ಟಾದ ಮೇಲೆ ಗೇರ್‌ಬಾಕ್ಸ್ ಇಳಿಸಿ ಸೀಲ್ ಬದಲಿಸುತ್ತಾರೆ, ಪೈಪ್ ಮಾತ್ರ ಹಾಗೇ ಬಿಡುತ್ತಾರೆ, ಹೊಸ ಸೀಲ್ ಕೂಡ ಸೋರುತ್ತದೆ. ಎಂಥಾ ಅನ್ಯಾಯ! ಸೀಲ್ ಸೋರಿದರೆ ಮೊದಲು ಬ್ರೀದರ್ ನೋಡಿ, ಆಮೇಲೆ ಗೇರ್‌ಬಾಕ್ಸ್ ಮುಟ್ಟಿ.

ಕಂಪನಿಯ ಬಾಗಿದ ಪೈಪ್ ಸಿಕ್ಕರೆ ಅದನ್ನೇ ಹಾಕಿ. ಸಿಗದಿದ್ದರೆ ಮೈಮೇಲೆ ಎಸ್‌ಎಇ 30ಆರ್7 ಅಂತ ಅಚ್ಚಾಗಿರುವ ಪೈಪ್ ತರಿಸಿ, ಅದು ಪೆಟ್ರೋಲ್‌ಗೂ ಪಿಸಿವಿಗೂ ಅಂತಲೇ ಇರುವುದು. ಅದು ನೆಟ್ಟಗೆ ಬರುತ್ತದೆ, ಕಡಿದಾದ ತಿರುವಿನಲ್ಲಿ ಮಡಚಿಕೊಳ್ಳುತ್ತದೆ, ಹಾಗಾಗಿ ದಾರಿ ಸ್ವಲ್ಪ ಉದ್ದ ಮಾಡಿ ಅಗಲವಾಗಿ ಸುತ್ತಿಸಿ ತನ್ನಿ. ನನಗೆ ಬಲಗಡೆಯದು ಕಂಪನಿಯದ್ದೇ ಸಿಕ್ಕಿತು. ಮ್ಯಾನಿಫೋಲ್ಡ್ ಅಡಿಯಲ್ಲಿ ಒಂದು ಸಣ್ಣ ಟಿ-ಜಾಯಿಂಟ್ ಇದೆ, ಅದಕ್ಕೆ ಸೇರುವ ತುಂಡಿಗೆ ಈ 30ಆರ್7 ಪೈಪ್ ಹಾಕಿದೆ.

ಹೌದು, ಆ ಟಿ-ಜಾಯಿಂಟ್. ಮೇಲಿಂದ ಕಾಣುವುದೇ ಇಲ್ಲ. ಕನ್ನಡಿ ಹಿಡಿದು ತೋರಿಸುತ್ತಿದ್ದೇನೆ ನೋಡಿ, ಅದರ ಒಂದು ಕಾಲು ಆಗಲೇ ಸೀಳಿದೆ. ಮೇಲಿನ ಪೈಪ್ ಮಾತ್ರ ಬದಲಿಸಿ ಬಾನೆಟ್ ಮುಚ್ಚಿದ್ದರೆ ಶಿಳ್ಳೆ ನಿಲ್ಲುತ್ತಿತ್ತು, ಕೋಡ್ ಮಾತ್ರ ಹೋಗುತ್ತಿರಲಿಲ್ಲ. ಇವೆಲ್ಲ ಒಂದೇ ವಯಸ್ಸಿನವು, ಒಂದೇ ಬಿಸಿ ತಿಂದವು. ಒಂದು ಹೋಗಿದೆ ಅಂದರೆ ಉಳಿದವೂ ಹೊರಟಿವೆ ಅಂತ. ವಾಲ್ವ್, ಗ್ರಾಮೆಟ್, ಎರಡೂ ಪೈಪ್, ಟಿ-ಜಾಯಿಂಟ್, ಜೊತೆಗೆ ಆಯಿಲ್ ಮಟ್ಟ ನೋಡುವ ಡಿಪ್ ಸ್ಟಿಕ್‌ನ ಓ-ರಿಂಗ್, ಆಯಿಲ್ ಕ್ಯಾಪ್‌ನ ರಬ್ಬರ್, ಎಲ್ಲ ಒಂದೇ ಸಲಕ್ಕೆ. ಡಿಪ್ ಸ್ಟಿಕ್ ಸಡಿಲ ಕೂತಿದ್ದರೂ ಅಲ್ಲಿಂದ ಕಳ್ಳ ಗಾಳಿ ಬರುತ್ತದೆ, ಅದು ಯಾರ ತಲೆಗೂ ಹೊಳೆಯುವುದಿಲ್ಲ.

ಕ್ಲಿಪ್ ಬಗ್ಗೆ ನನ್ನ ಅಭಿಪ್ರಾಯ ಯಾವಾಗಲೂ ಒಂದೇ, ಸ್ಪ್ರಿಂಗ್ ಕ್ಲಿಪ್ ಹಾಕಿ. ಸ್ಕ್ರೂ ಕ್ಲಿಪ್ ಬಿಗಿ ಮಾಡಿದಾಗ ಎಷ್ಟಿತ್ತೋ ಅಷ್ಟೇ, ರಬ್ಬರ್ ಕಾಲಕ್ರಮದಲ್ಲಿ ತೆಳುವಾದರೆ ಸಡಿಲ. ಸ್ಪ್ರಿಂಗ್ ಕ್ಲಿಪ್ ತಾನೇ ಹಿಂಬಾಲಿಸಿ ಹಿಡಿಯುತ್ತದೆ. ಆದರೆ ಈ ಟಿ-ಜಾಯಿಂಟ್ ಹತ್ತಿರ ಪ್ಲೈಯರ್ ಹೋಗುವಷ್ಟು ಜಾಗವೇ ಇಲ್ಲ. ಉದ್ದ ಸ್ಕ್ರೂ ಡ್ರೈವರ್ ಮಾತ್ರ ತಲುಪುತ್ತದೆ. ಹಾಗಾಗಿ ಇಲ್ಲಿ ಸ್ಕ್ರೂ ಕ್ಲಿಪ್ಪೇ ಒಳ್ಳೇದು. ಸರಿ, ಯಾವಾಗಲೂ ಅಂದದ್ದನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಕೈ ಎಲ್ಲಿ ಹೋಗುತ್ತದೋ ಅಲ್ಲಿ ಸ್ಪ್ರಿಂಗ್ ಕ್ಲಿಪ್. ಟಿ-ಜಾಯಿಂಟ್ ಪ್ಲಾಸ್ಟಿಕ್ ಆದ್ದರಿಂದ ಸ್ಕ್ರೂ ಜಾಸ್ತಿ ಬಿಗಿಯಬೇಡಿ, ಪೈಪ್ ತಿರುಗದಷ್ಟು ಸಾಕು.

ಸ್ಟಾರ್ಟ್ ಮಾಡುತ್ತಿದ್ದೇನೆ. ಮೊದಲ ಕೆಲವು ಕ್ಷಣ ಐಡ್ಲಿಂಗ್ ಸರಿಯಿಲ್ಲ, ಗಾಬರಿ ಬೇಡ. ಇಷ್ಟು ದಿನ ಕಂಪ್ಯೂಟರ್ ಕಳ್ಳ ಗಾಳಿಗೆ ಅಂತ ಪೆಟ್ರೋಲ್ ಜಾಸ್ತಿ ಬಿಡಲು ಕಲಿತಿದೆ, ಈಗ ಆ ಗಾಳಿ ಇಲ್ಲ. ಕಲಿತದ್ದನ್ನು ಮರೆಯಲು ಸ್ವಲ್ಪ ಹೊತ್ತು ಬೇಕು. ಸ್ಕ್ಯಾನರ್‌ನಲ್ಲಿ ಕೋಡ್ ಅಳಿಸಿದರೆ ಹಲವು ಗಾಡಿಗಳಲ್ಲಿ ಈ ಕಲಿಕೆಯೂ ಅಳಿಸುತ್ತದೆ, ಬೇಗ ಸರಿಹೋಗುತ್ತದೆ. ಆದರೆ ಅದರ ಜೊತೆ ಗಾಡಿಯ ಒಳ ಪರೀಕ್ಷೆಗಳೂ ಮೊದಲಿನಿಂದ ಶುರುವಾಗುತ್ತವೆ, ಹೊಗೆ ತಪಾಸಣೆ ಹತ್ತಿರ ಇದ್ದರೆ ಯೋಚಿಸಿ ಅಳಿಸಿ. ನಾನು ಅಳಿಸಿದೆ.

ಸೋರಿಕೆ ಉಳಿದಿದೆಯಾ ನೋಡಲು ಕೆಲವರು ಕಾರ್ಬ್ ಕ್ಲೀನರ್ ಹೊಡೆಯುತ್ತಾರೆ. ಅದು ಬೆಂಕಿ ಹತ್ತುವ ದ್ರವ, ಬಿಸಿ ಎಕ್ಸಾಸ್ಟ್ ಪಕ್ಕದಲ್ಲೇ ಇದೆ. ನನಗೆ ಅದು ಸುತರಾಂ ಇಷ್ಟವಿಲ್ಲ. ಸಣ್ಣ ಸ್ಪ್ರೇ ಬಾಟಲಿಯಲ್ಲಿ ನೀರು, ಕಾಯಿಲ್ ಮತ್ತು ಕನೆಕ್ಟರ್‌ಗಳಿಂದ ದೂರ, ಜಾಯಿಂಟ್ ಮೇಲೆ ಮಾತ್ರ ಸಣ್ಣಗೆ. ಸೋರಿಕೆ ಇದ್ದರೆ ಇಂಜಿನ್ ಸದ್ದು ಬದಲಾಗುತ್ತದೆ. ಇಲ್ಲಿ ಏನೂ ಬದಲಾಗಲಿಲ್ಲ. ಇನ್ನೊಂದು, ವಾಲ್ವ್ ಅನ್ನು ಗ್ರಾಮೆಟ್‌ನಿಂದ ಎತ್ತಿ ತುದಿಗೆ ಹೆಬ್ಬೆರಳು ಇಡಿ, ಎಳೆತ ಸ್ಪಷ್ಟವಾಗಿ ಗೊತ್ತಾಗಬೇಕು. ಈಗ ಗ್ರಾಮೆಟ್ ಮೆತ್ತಗಿದೆ, ಧೈರ್ಯವಾಗಿ ಎತ್ತಬಹುದು. ನೋಡಿ, ಹೆಬ್ಬೆರಳು ಹಿಡಿದುಕೊಂಡಿತು.

ಫ್ಯೂಯಲ್ ಟ್ರಿಮ್ ಐಡ್ಲಿಂಗ್‌ನಲ್ಲಿ ಪ್ಲಸ್ 3ಕ್ಕೆ ಬಂತು. ಪ್ಲಸ್ 5, ಮೈನಸ್ 5ರ ಒಳಗೆ ಇದ್ದರೆ ನೆಮ್ಮದಿ. ಆರ್‌ಪಿಎಂ ಸೂಜಿ ನೋಡಿ, ಕದಲುತ್ತಿಲ್ಲ.

ಟರ್ಬೋ ಗಾಡಿ ಇರುವವರು ಇದನ್ನೇ ನೋಡಿಕೊಂಡು ಕೆಲಸ ಶುರು ಮಾಡಬೇಡಿ. ನಿಮ್ಮಲ್ಲಿ ಇನ್ನೊಂದು ಚೆಕ್ ವಾಲ್ವ್ ಇರುತ್ತದೆ, ಟರ್ಬೋ ಒತ್ತಡ ಕ್ರ್ಯಾಂಕ್ ಕೇಸ್‌ಗೆ ನುಗ್ಗದ ಹಾಗೆ ತಡೆಯಲು. ಅದನ್ನು ತಿರುವುಮುರುವು ಹಾಕಿದರೆ ಡಿಪ್ ಸ್ಟಿಕ್ಕೇ ಹೊರಗೆ ಚಿಮ್ಮಬಹುದು. ಬಿಚ್ಚುವ ಮೊದಲು ಬಾಣದ ಗುರುತಿನ ಫೋಟೋ ತೆಗೆದುಕೊಳ್ಳಿ. ಇನ್ನು ಕೆಲವು ಇಂಜಿನ್‌ಗಳಲ್ಲಿ ಕಡ್ಡಿ-ಸ್ಪ್ರಿಂಗ್ ವಾಲ್ವ್ ಬದಲು ರಬ್ಬರ್ ಪೊರೆ ಇರುತ್ತದೆ. ಅದು ಹರಿದಾಗ ಆಯಿಲ್ ಕ್ಯಾಪ್ ಬಿಚ್ಚಲು ಕಷ್ಟವಾಗುವಷ್ಟು ಎಳೆತ ಬರುತ್ತದೆ. ನಿಮ್ಮ ಗಾಡಿಯಲ್ಲಿ ಯಾವುದಿದೆ ಅಂತ ಕಾಮೆಂಟ್‌ನಲ್ಲಿ ಬರೆಯಿರಿ, ಫೋಟೋ ಇದ್ದರೆ ಇನ್ನೂ ಒಳ್ಳೇದು, ನೋಡಿ ಉತ್ತರ ಕೊಡುತ್ತೇನೆ. ಆಯಿಲ್ ಬದಲಿಸುವುದು ಬಾಕಿ ಇದೆ, ಇಂಜಿನ್ ಬಿಸಿ ಇದ್ದಾಗಲೇ ಇಳಿಸಬೇಕು, ಪಾತ್ರೆ ಅಡಿಗೆ ಇಟ್ಟಾಯಿತು, ಕ್ಯಾಮೆರಾ ಇಲ್ಲಿಗೆ ಆಫ್ ಮಾಡುತ್ತಿದ್ದೇವೆ.